ಚಿತ್ರದ ಡಾಕ್ಟರಿಗೆ ಎಂಟೇ ಬೆರಳು

ಈಗ ನಾನು ಹೇಳುವುದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಮೂಗಿನ ಮೇಲಿರುವ ಈ ಕನ್ನಡಕ ಇಲ್ಲೇ ಎರಡು ಹೋಳಾಗಲಿ. ಎಡಗಡೆ ಗಾಜಿನಲ್ಲಿ ಆಗಲೇ ಒಂದು ಬಿರುಕು ಇದೆಯಲ್ಲ ಎನ್ನಬೇಡಿ. ಅದು ಹೋದ ಸಲ ಬೇರೆ ಕಥೆ ಹೇಳುವಾಗ ಬಂದದ್ದು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ನೀವು ಆರಾಮಾಗಿ ಕೂತುಕೊಳ್ಳಿ.

ನನ್ನ ಹೆಂಡತಿಯ ತಮ್ಮ, ಅಂದರೆ ನನ್ನ ಭಾವಮೈದ, ಟೀವಿಗೆ ಕಾರ್ಟೂನ್ ಮಾಡುವ ಸ್ಟುಡಿಯೋದಲ್ಲಿ ಚಿತ್ರಗಾರ. ಬಸ್ ಕಂಡಕ್ಟರ್ ಆಗಿರುವ ಮೊಲದ ಕಾರ್ಟೂನು ದಿನಾ ಸಂಜೆ ಬರುತ್ತದಲ್ಲ, ಅದೇ. ಹಾಗೆಂದು ಇಡೀ ಮೊಲವನ್ನು ಅವನೊಬ್ಬನೇ ಬರೆಯುತ್ತಾನೆ ಎಂದುಕೊಳ್ಳಬೇಡಿ. ಅಲ್ಲಿ ಒಂದು ಮೊಲವನ್ನು ಏಳೆಂಟು ಜನ ಭಾಗ ಮಾಡಿಕೊಂಡಿದ್ದಾರೆ. ಒಬ್ಬರಿಗೆ ಬಾಯಿ, ಒಬ್ಬರಿಗೆ ಕಿವಿ, ಇನ್ನೊಬ್ಬರಿಗೆ ಬಾಲ. ಸ್ಟುಡಿಯೋದಲ್ಲಿ ಅವರನ್ನು ಕರೆಯುವುದೂ ಹಾಗೆಯೇ. "ಬಾಯಿ ಇವತ್ತು ರಜಾ." "ಬಾಲ ಊಟಕ್ಕೆ ಹೋಗಿದೆ." "ಕಿವಿಗೆ ಮದುವೆ ಗೊತ್ತಾಯ್ತಂತೆ." ನನ್ನ ಭಾವಮೈದನ ಪಾಲಿಗೆ ಬಂದದ್ದು ಕೈಗಳು. ಹದಿನೈದು ವರ್ಷದಿಂದ ಆ ಮೊಲ ಟಿಕೆಟ್ ಹರಿದದ್ದು, ಸೀಟಿ ಊದಿದ್ದು, ಚಿಲ್ಲರೆ ಇಲ್ಲ ಎಂದು ಕೈಯಾಡಿಸಿದ್ದು, ಎಲ್ಲ ಇವನದೇ ಕೈ.

ಇಡೀ ದಿನ ಹೀಗೆ ಮೊಲದ ಚೂರುಗಳ ಜೊತೆ ಕಳೆದವರು ಮನೆಗೆ ಬಂದು ಸುಮ್ಮನೆ ಮಲಗುತ್ತಾರೆಯೇ? ಒಬ್ಬೊಬ್ಬರಿಗೂ ಒಂದೊಂದು ಹುಚ್ಚು. ಬಾಲ ಬರೆಯುವ ಹೆಂಗಸು ಮನೆಯಲ್ಲಿ ಬಟ್ಟೆಯ ಗೊಂಬೆ ಹೊಲಿಯುತ್ತಾಳೆ. ಆನೆ, ಕುದುರೆ, ಮೊಸಳೆ, ಯಾವುದಕ್ಕೂ ಬಾಲವಿಲ್ಲ. ಮೊಲದ ಹಿಂದೆ ಕಾಣುವ ಖಾಲಿ ರಸ್ತೆ, ಖಾಲಿ ಬಸ್‌ಸ್ಟಾಪು ಬರೆಯುವವನು ಮಣ್ಣಿನಲ್ಲಿ ಹೆಬ್ಬೆರಳು ಗಾತ್ರದ ಮನುಷ್ಯರನ್ನು ಮಾಡಿ ಮಾಡಿ ಮನೆಯಲ್ಲಿ ಹೆಂಡತಿಗೆ ಕಾಲಿಡಲು ಜಾಗವಿಲ್ಲ. ಅವರ ಡೈರೆಕ್ಟರು ಸ್ವಂತಕ್ಕೆ ಒಂದು ಸಿನಿಮಾ ಮಾಡುತ್ತಿದ್ದಾರೆ, ಅದರಲ್ಲಿ ಒಂದು ಬಂಡೆ ಐದು ನಿಮಿಷ ಸುಮ್ಮನೆ ಕೂತಿರುತ್ತದೆ. ನಾಲ್ಕು ವರ್ಷವಾಯಿತು, ಇನ್ನೂ ಅರ್ಧ ಬಾಕಿಯಂತೆ. "ಬಂಡೆ ಅಲ್ಲಾಡ್ತಿದೆ, ಸರಿ ಹೋಗ್ತಿಲ್ಲ" ಎಂದು ಒದ್ದಾಡುತ್ತಾರೆ.

ನನ್ನ ಭಾವಮೈದನ ಹುಚ್ಚು ಎಣ್ಣೆಬಣ್ಣದ ಮುಖಗಳು. ಭಾನುವಾರ ಬಂತೆಂದರೆ ನನ್ನನ್ನೋ ಅವನ ಅಕ್ಕನನ್ನೋ ಕಿಟಕಿ ಹತ್ತಿರ ಕೂರಿಸಿ ಬರೆಯುವುದು. ಮುಖವೆಂದರೆ ಮುಖ, ಕರೆದರೆ ಓಗೊಡಬೇಕು, ಹಾಗೆ. ಆದರೆ ಯಾವ ಚಿತ್ರದಲ್ಲೂ ಕೈ ಇಲ್ಲ. ನಾನು ಕೈ ಹಿಂದೆ ಕಟ್ಟಿದ್ದೇನೆ, ನನ್ನ ಹೆಂಡತಿ ಸೆರಗಿನೊಳಗೆ ಇಟ್ಟುಕೊಂಡಿದ್ದಾಳೆ. "ವಾರವೆಲ್ಲ ಕೈ ಬರೆದು ಸಾಕಾಗಿದೆ ಭಾವ, ಭಾನುವಾರನೂ ಅದೇನಾ?" ಎನ್ನುತ್ತಿದ್ದ. ನ್ಯಾಯವಾದ ಮಾತೇ.

ಈಗ ನನ್ನ ಅತ್ತೆಯ ಸಂಕಟ ಕೇಳಿ. ಎಲ್ಲ ಶುರುವಾದದ್ದು ಅಲ್ಲಿಂದ. ಮಗನ ಹೆಸರನ್ನು ಟೀವಿಯಲ್ಲಿ ಒಂದು ಸಲ ಓದಬೇಕೆಂಬುದು ಆಕೆಯ ಆಸೆ. ಹದಿನೈದು ವರ್ಷದಿಂದ ದಿನಾ ಸಂಜೆ ಕನ್ನಡಕ ಒರೆಸಿಕೊಂಡು ಟೀವಿಯ ಎದುರು ಕೂರುತ್ತಾರೆ. ಮೊಲದ ಆಟವೆಲ್ಲ ಮುಗಿದ ಮೇಲೆ ಹೆಸರುಗಳು ಬರುತ್ತವೆ. ಬರುತ್ತವೆ ಎಂದರೆ ಏನು, ನಾಯಿ ಅಟ್ಟಿಸಿಕೊಂಡು ಬಂದ ಹಾಗೆ ಓಡುತ್ತವೆ. ಅದೂ ಪರದೆಯ ಒಂದು ಮೂಲೆಯಲ್ಲಿ, ಉಳಿದ ಜಾಗದಲ್ಲಿ ತಲೆಗೂದಲ ಎಣ್ಣೆಯ ಜಾಹೀರಾತು. ಅತ್ತೆ ಒಂದು ದಿನ ಮೂಗು ಟೀವಿಗೆ ತಾಗುವಷ್ಟು ಹತ್ತಿರ ಹೋಗಿ ನೋಡಿದರು. ಆಮೇಲೆ ಮಗನಿಗೆ ಫೋನ್ ಮಾಡಿ, "ಎಲ್ಲರ ಮಕ್ಕಳ ಹೆಸರೂ ಎಲ್ಲಾದರೂ ಒಂದು ಕಡೆ ನಿಂತಿರುತ್ತೆ ಕಣೋ. ನಿಂದು ಮಾತ್ರ ಓಡ್ತಾನೇ ಇರುತ್ತೆ. ಏನು ತಪ್ಪು ಮಾಡಿದ್ದೀಯ ಹೇಳು" ಎಂದು ಅತ್ತರು.

ಇವನಿಗೆ ಅನ್ನ ಸೇರಲಿಲ್ಲ. ಅದೇ ಹೊತ್ತಿಗೆ ನಮ್ಮ ಬೀದಿಯ ಮೂಲೆಯ ಡಾಕ್ಟರು ತಮ್ಮ ನರ್ಸಿಂಗ್ ಹೋಮಿಗೆ ಹೊಸ ಬಣ್ಣ ಹೊಡೆಸಿ, ರೋಗಿಗಳು ಕಾಯುವ ಹಾಲಿನಲ್ಲಿ ತಮ್ಮದೊಂದು ದೊಡ್ಡ ಚಿತ್ರ ಇರಲಿ ಎಂದರು. ಆಪರೇಷನ್ ಡಾಕ್ಟರು, ದೊಡ್ಡ ಮನುಷ್ಯರು. ನಾನೇ ಭಾವಮೈದನ ಹೆಸರು ಹೇಳಿದೆ.

"ಡಾಕ್ಟ್ರೇ, ದುಡ್ಡು ಗಿಡ್ಡು ಬೇಡ" ಎಂದ ಇವನು. "ಕೆಳಗೆ ನನ್ನ ಹೆಸರು ಸ್ವಲ್ಪ ದೊಡ್ಡದಾಗಿ ಹಾಕ್ಕೋತೀನಿ, ಅಷ್ಟೆ."

"ಧಾರಾಳವಾಗಿ ಹಾಕ್ಕೊಳ್ಳಿ. ಆದ್ರೆ ನನ್ನ ಕೈ ಚೆನ್ನಾಗಿ ಕಾಣ್ಬೇಕು. ನಮ್ಮ ಕಸುಬಿಗೆ ಮುಖ ಯಾವನಿಗೆ ಬೇಕು ಸ್ವಾಮಿ? ಕೈಯೇ ಎಲ್ಲ."

ಹೀಗೆ ಡಾಕ್ಟರು ಬಲಗೈಯನ್ನು ಎಡಗೈ ಮೇಲಿಟ್ಟು, ಮೊಣಕಾಲಿನ ಮೇಲೆ ಊರಿಕೊಂಡು, ಕುರ್ಚಿಯಲ್ಲಿ ಕೂತರು. ಮೂರು ತಿಂಗಳ ಭಾನುವಾರಗಳು ಹೋದವು. ಚಿತ್ರ ಗೋಡೆಗೇರಿದ ದಿನ ಹಾಲಿನಲ್ಲಿದ್ದವರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು. ಮುಖ ಎಷ್ಟು ಜೀವಂತವಾಗಿತ್ತೆಂದರೆ ಒಬ್ಬ ಮುದುಕ ಚಿತ್ರದ ಮುಂದೆಯೇ ನಾಲಿಗೆ ಚಾಚಿ ನಿಂತುಬಿಟ್ಟ. ಕೆಳಗೆ ನನ್ನ ಭಾವಮೈದನ ಹೆಸರು, ಒಂದೊಂದು ಅಕ್ಷರ ಡಾಕ್ಟರ ಕಿವಿಯಷ್ಟು. ಊರಿನಲ್ಲಿದ್ದ ಅತ್ತೆಗೆ ಕಣ್ಣಿನ ಪೊರೆ ತೆಗೆಸಿ ಇನ್ನೂ ಹಸಿ, ಪ್ರಯಾಣ ಕೂಡದು ಎಂದು ಅಲ್ಲಿಯ ಕಣ್ಣಿನ ಡಾಕ್ಟರು ಹೇಳಿದ್ದರು. "ಕಣ್ಣು ವಾಸಿಯಾದ ತಕ್ಷಣ ಹೊರಟು ಬರ್ತೀನಿ. ಅಲ್ಲೀತನಕ ಯಾರೂ ಅಳಿಸದ ಹಾಗೆ ನೋಡ್ಕೋ" ಎಂದು ಫೋನಿನಲ್ಲಿ ಹೇಳಿದರು.

ಯಾರು ಅಳಿಸುತ್ತಾರೆ, ಪಾಪ, ಎಂದುಕೊಂಡೆವು ನಾವು.

ಡಾಕ್ಟರ ಹಾಲಿನಲ್ಲಿ ಕಾಯುವವರಿಗೆ ಬೇರೆ ಕೆಲಸವೇನಿರುತ್ತದೆ ಹೇಳಿ? ಮೊದಲು ಫ್ಯಾನಿನ ರೆಕ್ಕೆ ಎಣಿಸುತ್ತಾರೆ. ಆಮೇಲೆ ನೆಲದ ಹಾಸು. ಆಮೇಲೆ ಪಕ್ಕದವರ ಕೆಮ್ಮು. ನಮ್ಮ ಎದುರುಮನೆಯ ಲೆಕ್ಕದ ಮೇಡಂ, ಸ್ಕೂಲಿನಿಂದ ನಿವೃತ್ತಿಯಾಗಿ ಲೆಕ್ಕಕ್ಕೇನೂ ಸಿಗದೆ ಒಣಗಿಹೋಗಿದ್ದವರು, ಅಪೆಂಡಿಕ್ಸ್ ತೆಗೆಸಿಕೊಂಡ ಜಾಗ ತೋರಿಸಲು ಬಂದು ಕೂತಿದ್ದರು. ಫ್ಯಾನು, ನೆಲ, ಕೆಮ್ಮು ಎಲ್ಲ ಎಣಿಸಿ ಮುಗಿಸಿ ಚಿತ್ರಕ್ಕೆ ಕೈ ಹಾಕಿದರು.

"ಎಂಟು" ಎಂದರು ಗಟ್ಟಿಯಾಗಿ.

"ಟೋಕನ್ ನಂಬರ್ ಇನ್ನೂ ಐದು ಮೇಡಂ" ಎಂದಳು ನರ್ಸು.

"ಟೋಕನ್ ಅಲ್ಲಮ್ಮ, ಬೆರಳು. ಡಾಕ್ಟರಿಗೆ ಎಂಟೇ ಬೆರಳು!"

ಹಾಲಿನಲ್ಲಿದ್ದ ರೋಗಿಗಳೆಲ್ಲ ಎದ್ದು ಚಿತ್ರದ ಮುಂದೆ ಬಂದರು. ಎದ್ದೇಳಲಾರದೆ ಗಾಲಿಕುರ್ಚಿಯಲ್ಲಿ ಬಂದಿದ್ದವನೂ ಎದ್ದು ಬಂದ. ಎಣಿಸಿದರು. ಬಲಗೈಗೆ ಮೂರು ಬೆರಳು, ಒಂದು ಹೆಬ್ಬೆರಳು. ಎಡಗೈಗೂ ಅಷ್ಟೆ. ಮೇಲಿನಿಂದ ಕೆಳಗೆ ಎಣಿಸಿದರೂ ಎಂಟು, ಕೆಳಗಿನಿಂದ ಮೇಲೆ ಎಣಿಸಿದರೂ ಎಂಟು.

ಕಾರ್ಟೂನಿನ ಕೈಗೆ ನಾಲ್ಕೇ ಬೆರಳು, ನಿಮಗೆ ಗೊತ್ತಿತ್ತೇ? ನನಗೂ ಗೊತ್ತಿರಲಿಲ್ಲ. ಸಂಜೆ ಟೀವಿ ಹಾಕಿ ಎಣಿಸಿ ನೋಡಿ. ಮೊಲ ಒಂದು ಸಲ ಕೈ ಬೀಸಬೇಕಾದರೆ ಡಜನ್‌ಗಟ್ಟಲೆ ಚಿತ್ರ ಬೇಕಂತೆ, ಪ್ರತಿ ಚಿತ್ರದಲ್ಲೂ ಒಂದು ಬೆರಳು ಉಳಿಸಿದರೆ ಚಿತ್ರಗಾರ ಹೊತ್ತಿಗೆ ಸರಿಯಾಗಿ ಮನೆ ಸೇರಬಹುದಂತೆ. ಹದಿನೈದು ವರ್ಷ ಹಾಗೆ ಉಳಿಸಿದವನ ಕೈ ಡಾಕ್ಟರು ಬಂದರೆಂದು ಧಾರಾಳವಾದೀತೇ?

ಆದರೆ ಹಾಲಿನಲ್ಲಿ ಇದನ್ನು ಹೇಳುವವರು ಯಾರೂ ಇರಲಿಲ್ಲ. ಒಳಗಿಂದ ಡಾಕ್ಟರು ಬಂದು ಎರಡೂ ಕೈ ಎತ್ತಿ ತೋರಿಸಿದರು. ಹತ್ತು ಬೆರಳು, ಅಚ್ಚುಕಟ್ಟಾಗಿ.

"ಈಗ ಇದೆ ಸಾರ್" ಎಂದ ಗಾಲಿಕುರ್ಚಿಯವನು. "ಅವಾಗ ಇರ್ಲಿಲ್ವಲ್ಲ."

"ಯಾವಾಗ ಇರ್ಲಿಲ್ಲ?"

"ಚಿತ್ರ ಬರೆಯೋವಾಗ. ಎರಡು ಎಲ್ಲಿ ಬಿಟ್ಟಿದ್ರಿ?"

ಬಿಟ್ಟಿದ್ರಿ ಎಂಬ ಆ ಮಾತು ಕಿವಿಗೆ ಬಿದ್ದದ್ದೇ ಲೆಕ್ಕದ ಮೇಡಂ ಹೊಟ್ಟೆ ಹಿಡಿದುಕೊಂಡರು.

"ಅದಕ್ಕೇ!" ಎಂದರು. "ಅದಕ್ಕೇ ಆಪರೇಷನ್ ಆದಾಗಿನಿಂದ ಒಳಗಿಂದ ಯಾರೋ ಹೀಗೆ ಹೀಗೆ ಬೆರಳು ತೋರಿಸಿದ ಹಾಗೆ ಆಗ್ತಿದೆ!"

ಮಧ್ಯಾಹ್ನದ ಹೊತ್ತಿಗೆ ಬೀದಿಗೆಲ್ಲ ಗೊತ್ತಾಯಿತು, ಡಾಕ್ಟರ ಒಂದು ಬೆರಳು ಲೆಕ್ಕದ ಮೇಡಂ ಹೊಟ್ಟೆಯಲ್ಲಿದೆ ಎಂದು. ಇನ್ನೊಂದು ಎಲ್ಲಿ? ಕಟಿಂಗ್ ಶಾಪಿನವನು ತನ್ನ ಸೊಂಟ ಮುಟ್ಟಿಕೊಂಡು, "ನನಗೂ ಹೋದ ವರ್ಷ ಕಿಡ್ನಿ ಕಲ್ಲು ತೆಗೆದಿದ್ರು" ಎಂದು ಮೆಲ್ಲಗೆ ಹೇಳಿದ. ಅವನ ಅಂಗಡಿಯಲ್ಲಿ ಅಂದು ಅರ್ಧ ಕಟಿಂಗ್ ಆಗಿದ್ದವರು ಅರ್ಧದಲ್ಲೇ ಎದ್ದು ಮನೆಗೆ ಹೋದರು.

ನಾನು ಭಾವಮೈದನನ್ನು ಎಳೆದುಕೊಂಡು ಹೋಗಿ ಚಿತ್ರದ ಮುಂದೆ ನಿಲ್ಲಿಸಿದೆ.

"ಎಣಿಸು."

"ಒಂದು, ಎರಡು, ಮೂರು, ಹೆಬ್ಬೆರಳು. ಸರಿಯಾಗಿದೆಯಲ್ಲ ಭಾವ?"

ನಾನು ನನ್ನ ಕೈ ಅವನ ಮುಖದ ಮುಂದೆ ಚಾಚಿದೆ. "ಇದನ್ನ ಎಣಿಸು."

ಎಣಿಸಿದ. ಇನ್ನೊಂದು ಸಲ ಎಣಿಸಿದ. ಮುಖ ಬಿಳುಚಿಕೊಂಡಿತು.

"ಭಾವ, ನಿಮಗೆ ಒಂದು ಜಾಸ್ತಿ ಇದೆ. ಅಕ್ಕನಿಗೆ ಗೊತ್ತಾ?"

"ನಿನ್ನ ಕೈ ನೋಡ್ಕೊಳ್ಳೋ!"

ನೋಡಿಕೊಂಡ. ಅಲ್ಲೇ ಬೆಂಚಿನ ಮೇಲೆ ಕುಸಿದು, "ಇದು ಯಾವಾಗ ಬಂತು?" ಎಂದ.

ಮಾರನೆಯ ದಿನ ಆರೋಗ್ಯ ಇಲಾಖೆಯ ಅಧಿಕಾರಿ ಬಂದರು. ಯಾರು ದೂರು ಕೊಟ್ಟರೋ ತಿಳಿಯದು. ಲೆಕ್ಕದ ಮೇಡಂ ಮಾತ್ರ ಬಾಗಿಲಲ್ಲಿ ನಿಂತು ಅವರನ್ನು ಒಳಗೆ ಕರೆತಂದರು. ಅಧಿಕಾರಿ ಡಾಕ್ಟರ ಎರಡೂ ಕೈಯನ್ನು ಮೇಜಿನ ಮೇಲೆ ಇಡಿಸಿ, ಪೆನ್ನಿನ ತುದಿಯಿಂದ ಒಂದೊಂದೇ ಮುಟ್ಟಿ ಎಣಿಸಿದರು. ಎದ್ದು ಹೋಗಿ ಚಿತ್ರದಲ್ಲೂ ಎಣಿಸಿದರು. ಮರಳಿ ಬಂದು ಕೂತು ಕೆಮ್ಮಿದರು.

"ಚಿತ್ರದಲ್ಲಿ ಎಂಟು. ನಿಮ್ಮ ಹತ್ರ ಹತ್ತು. ಹೆಚ್ಚುವರಿ ಎರಡು ಎಲ್ಲಿಂದ ಬಂತು?"

"ಹುಟ್ಟಿದಾಗಿನಿಂದ ಇದೆ ರೀ!"

"ಹಾಗಂತ ನೀವು ಹೇಳ್ತೀರಿ."

"ಅಲ್ಲ ಸ್ವಾಮಿ, ಅದು ಬರೀ ಚಿತ್ರ. ಇದು ನನ್ನ ಕೈ. ಯಾವುದನ್ನ ನಂಬ್ತೀರಿ ನೀವು?"

"ಚಿತ್ರಕ್ಕೆ ಚೌಕಟ್ಟಿದೆ, ಕೆಳಗೆ ಸಹಿ ಇದೆ" ಎಂದರು ಅಧಿಕಾರಿ ಶಾಂತವಾಗಿ. "ನಿಮ್ಮ ಕೈಗೆ ಯಾರ ಸಹಿ ಇದೆ?"

ಡಾಕ್ಟರು ಎರಡೂ ಕೈಯನ್ನು ಹಿಂದೆ ಮುಂದೆ ತಿರುಗಿಸಿ ಸಹಿ ಹುಡುಕಿದರು. ಅಷ್ಟು ಓದಿದವರಿಗೇ ಸಿಗಲಿಲ್ಲವೆಂದರೆ ನನಗೆಲ್ಲಿ ಸಿಗಬೇಕು? ಅಧಿಕಾರಿ ಎದ್ದು ನಿಂತು, ಸೋಮವಾರದೊಳಗೆ ಎರಡು ಲೆಕ್ಕವೂ ತಾಳೆಯಾಗಬೇಕು, ಯಾವ ಕಡೆ ಸರಿಮಾಡುತ್ತೀರೋ ಅದು ನಿಮ್ಮ ಇಷ್ಟ ಎಂದು ಹೇಳಿ ಹೋದರು.

ಡಾಕ್ಟರು ನನ್ನ ಭಾವಮೈದನಿಗೆ ಹೇಳಿದರು: "ಭಾನುವಾರ ಬಂದು ಸರಿಮಾಡ್ತೀರೋ, ಇಲ್ಲ ಕೆಳಗಿಳಿಸಿ ಹಳೇ ಪೇಪರಿನವನಿಗೆ ಹಾಕ್ಲೋ?"

"ಅಯ್ಯೋ, ಕೆಳಗಿಳಿಸಬೇಡಿ ಡಾಕ್ಟ್ರೇ! ಅಮ್ಮ ಇನ್ನೂ ಓದಿಲ್ಲ!"

ಭಾನುವಾರ ಹಾಲು ಖಾಲಿ. ಇವನು ಏಣಿಯ ಮೇಲೆ, ನಾನು ಕೆಳಗೆ ಬಲಗೈ ಎಡಗೈ ಮೇಲಿಟ್ಟು ಡಾಕ್ಟರ ಹಾಗೆ ಕೂತೆ. ಮಾದರಿಗೆ. ತಪ್ಪಿಯೂ ತಪ್ಪಾಗಬಾರದೆಂದು ನಾನೇ ಗಟ್ಟಿಯಾಗಿ ಹೇಳಿದೆ: "ಎರಡು ಬೆರಳು. ಜ್ಞಾಪಕ ಇದೆಯಾ? ಎರಡು." ಅವನೂ "ಎರಡು, ಎರಡು" ಎಂದುಕೊಳ್ಳುತ್ತಲೇ ಬಣ್ಣ ಕಲಸಿದ. ನನಗೆ ಕೂತಲ್ಲೇ ಜೊಂಪು ಹತ್ತಿತು. ಎಚ್ಚರಾದಾಗ ಅವನು ಕುಂಚ ತೊಳೆಯುತ್ತಿದ್ದ.

ಚಿತ್ರ ನೋಡಿದೆ. ಎಡಗೈಗೆ ನಾಲ್ಕು ಬೆರಳು. ಬಲಗೈಗೆ ಆರು.

"ಏನೋ ಇದು!"

"ಯಾಕೆ ಭಾವ? ಎರಡು ಅಂದ್ರಿ, ಎರಡು ಹಾಕಿದೀನಿ."

"ಎರಡೂ ಒಂದೇ ಕೈಗಾ?"

"ಮತ್ತೆ ಆ ಕೈ ಕೆಳಗಿದೆಯಲ್ಲ? ನಮ್ಮಲ್ಲಿ ಕೆಳಗಿನ ಹಾಳೆಗೆ ಕೈ ಹಾಕೋ ಹಾಗಿಲ್ಲ. ಮೇಲಿನ ಹಾಳೆ ನಮ್ಮದು, ಕೆಳಗಿನದು ಬೇರೆಯವರದ್ದು. ಮುಟ್ಟಿದ್ರೆ ಜಗಳ ಆಗುತ್ತೆ."

ಕಾರ್ಟೂನಿನಲ್ಲಿ ಹಾಳೆಯ ಮೇಲೆ ಹಾಳೆ ಇಟ್ಟು ಬರೆಯುವ ಪದ್ಧತಿಯಂತೆ. ಕೆಳಗಿನದು ಆಗಿಹೋದದ್ದು, ಅದರ ತಂಟೆಗೆ ಹೋಗಬಾರದು. ಇದು ಒಂದೇ ಕ್ಯಾನ್ವಾಸ್ ಬಟ್ಟೆ ಕಣೋ, ಕೆಳಗೆ ಯಾರ ಹಾಳೆಯೂ ಇಲ್ಲ ಎಂದು ನಾನು ಎಷ್ಟು ಬಡಿದುಕೊಂಡರೂ, "ಒಟ್ಟು ಹತ್ತಿದೆಯಲ್ಲ ಭಾವ" ಎಂದ. ಎಣಿಸಿದೆ. ಒಟ್ಟು ಹತ್ತಿತ್ತು. ಅಳಿಸೋಣವೆಂದರೆ ಅಷ್ಟರಲ್ಲಿ ಬಣ್ಣ ಮುಗಿದಿತ್ತು.

ಸೋಮವಾರ ಅಧಿಕಾರಿ ಬಂದರು. ಪೆನ್ನು ಹಿಡಿದು ಎಣಿಸಿದರು. ಹತ್ತು. ಡಾಕ್ಟರ ಕೈಯಲ್ಲಿ ಎಣಿಸಿದರು. ಹತ್ತು. ಮುಖ ಅರಳಿತು.

ಡಾಕ್ಟರು ಹಲ್ಲು ಕಚ್ಚಿ, "ಒಂದು ಕೈಗೆ ಆರು, ಇನ್ನೊಂದಕ್ಕೆ ನಾಲ್ಕು ಇದೆಯಲ್ರೀ, ಅದು ಪರವಾಗಿಲ್ವಾ?" ಎಂದರು.

"ಹಂಚಿಕೆ ನಮ್ಮ ಇಲಾಖೆಗೆ ಬರಲ್ಲ" ಎಂದರು ಅಧಿಕಾರಿ.

ಇಲಾಖೆ ಒಪ್ಪಿದರೆ ಬೀದಿ ಒಪ್ಪೀತೇ? ಕಟಿಂಗ್ ಶಾಪಿನಲ್ಲಿ ಸಂಜೆಯೊಳಗೆ ತೀರ್ಮಾನವಾಯಿತು: ಬೆರಳುಗಳನ್ನು ಹೊಟ್ಟೆಗಳಿಂದ ಗುಟ್ಟಾಗಿ ಹೊರತೆಗೆದಿದ್ದಾರೆ, ಗಡಿಬಿಡಿಯಲ್ಲಿ ಎರಡನ್ನೂ ಒಂದೇ ಕೈಗೆ ಹೊಲಿದುಬಿಟ್ಟಿದ್ದಾರೆ. ಲೆಕ್ಕದ ಮೇಡಂ, "ಹೌದು, ಭಾನುವಾರದಿಂದ ಹೊಟ್ಟೆ ಹಗುರಾಗಿದೆ" ಎಂದು ಸಾಕ್ಷಿ ಹೇಳಿದರು. ಯಾವಾಗ ತೆಗೆದರು ಎಂದು ಕೇಳಿದ್ದಕ್ಕೆ, "ಒಳ್ಳೆ ಡಾಕ್ಟರು ತೆಗೆದ್ರೆ ಗೊತ್ತೇ ಆಗಲ್ಲ" ಎಂದರು. ಆಪರೇಷನ್ನಿಗೆ ದಿನ ಗೊತ್ತಾಗಿದ್ದವರೆಲ್ಲ ಒಬ್ಬೊಬ್ಬರಾಗಿ ಬಂದು, ನಮಗೆ ಈಗ ನೋವೇ ಇಲ್ಲ, ಇದ್ದರೂ ಹಿತವಾಗಿದೆ, ಎಂದು ಹೇಳಿ ಹೋದರು.

ಡಾಕ್ಟರ ಸಹನೆ ಮುಗಿಯಿತು. ಬುಧವಾರ ಬೆಳಗ್ಗೆ ಏಣಿ ತರಿಸಿ, ಅಟೆಂಡರನನ್ನು ಮೇಲೆ ಹತ್ತಿಸಿ, "ಇಳಿಸು ಅದನ್ನ" ಎಂದರು. ನನ್ನ ಭಾವಮೈದ ಏಣಿಯ ಕಾಲು ಹಿಡಿದುಕೊಂಡು ನಿಂತ, ಬೀಳದಿರಲಿ ಎಂದಲ್ಲ, ಇನ್ನೂ ಮೇಲೆ ಹತ್ತದಿರಲಿ ಎಂದು.

"ಒಂದೇ ಒಂದು ದಿನ ಇರ್ಲಿ ಡಾಕ್ಟ್ರೇ! ಅಮ್ಮ ಬಸ್ಸಲ್ಲಿದ್ದಾರೆ!"

"ನಿಮ್ಮಮ್ಮ ವಿಮಾನದಲ್ಲಿದ್ರೂ ಅಷ್ಟೆ! ನನ್ನ ಹಾಲ್ ನೋಡಿ, ಕಾಯೋಕೆ ಒಬ್ಬ ಇಲ್ಲ!"

ಒಬ್ಬರಿಲ್ಲ ಎಂಬುದು ಕೋಪದ ಮಾತು. ರೋಗಿಗಳು ಇರಲಿಲ್ಲ, ಚಿತ್ರ ಇಳಿಸುವುದನ್ನು ನೋಡಲು ಇಡೀ ಬೀದಿ ಬಂದಿತ್ತು. ಆ ಜನರ ನಡುವೆ ದಾರಿ ಮಾಡಿಕೊಂಡು, ಒಂದು ಕೈಯಲ್ಲಿ ಬ್ಯಾಗು, ಕಣ್ಣಿಗೆ ಕಪ್ಪು ಕನ್ನಡಕ, ನನ್ನ ಅತ್ತೆ ಬಂದರು.

"ಎಲ್ಲೋ ಅದು?" ಎಂದರು.

ಅಟೆಂಡರನ ಕೈ ಚೌಕಟ್ಟಿನ ಮೇಲೆ ಹಾಗೆಯೇ ನಿಂತಿತು. ಅತ್ತೆ ಕಪ್ಪು ಕನ್ನಡಕ ತೆಗೆದರು. ಮುಖ ನೋಡಲಿಲ್ಲ, ಕೈ ನೋಡಲಿಲ್ಲ, ಸೀದಾ ಕೆಳಗಿನ ಮೂಲೆಗೆ ಹೋದರು. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು, ಒಂದನೇ ಕ್ಲಾಸಿನ ಮಗುವಿನ ಹಾಗೆ, ಮಗನ ಹೆಸರು ಓದಿದರು. ಮುಗಿಸಿ ಸ್ವಲ್ಪ ಹೊತ್ತು ಕಾದರು, ಎಲ್ಲಿ ಓಡಿಬಿಡುತ್ತದೋ ಎಂಬ ಹಾಗೆ. ಅದು ಓಡಲಿಲ್ಲ. ಮತ್ತೊಂದು ಸಲ ಓದಿದರು.

"ಇದೆ ಕಣೋ" ಎಂದರು. "ಇಲ್ಲೇ ಇದೆ."

ಲೆಕ್ಕದ ಮೇಡಂ ಮೂಗೊರೆಸಿಕೊಂಡರು.

ಆಮೇಲೆ ಅತ್ತೆ ಕತ್ತೆತ್ತಿ ಚಿತ್ರ ನೋಡಿದರು. ಹೊಸ ಕಣ್ಣು, ಎಲ್ಲ ಸ್ಪಷ್ಟ. ಬಲಗೈ ಹತ್ತಿರ ನೋಟ ನಿಂತಿತು. ತುಟಿ ಅಲ್ಲಾಡಿತು. ಆರು. ಪಕ್ಕದಲ್ಲಿ ಕೆಂಪಗಾಗಿ ನಿಂತಿದ್ದ ಡಾಕ್ಟರ ಬಲಗೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು ಒಂದೊಂದೇ ಬೆರಳು ಮಡಿಸಿದರು. ಐದು. ಮತ್ತೆ ಚಿತ್ರ ನೋಡಿದರು. ಮತ್ತೆ ಕೈ ನೋಡಿದರು. ನಾನು ಕಣ್ಣು ಮುಚ್ಚಿಕೊಂಡೆ.

ಅತ್ತೆ ಡಾಕ್ಟರ ಕೈಯನ್ನು ಮೆಲ್ಲಗೆ ಸವರುತ್ತ, ಕರುಳು ಕಿತ್ತುಬರುವ ಹಾಗೆ ಕೇಳಿದರು: "ಇದೊಂದು ಯಾವಾಗ ಹೋಯ್ತಪ್ಪಾ?"

ಡಾಕ್ಟರು ಬಾಯಿ ತೆರೆದರು. ಏಣಿಯ ಮೇಲಿದ್ದ ಅಟೆಂಡರನನ್ನು ನೋಡಿದರು. ಏಣಿ ಹಿಡಿದಿದ್ದ ನನ್ನ ಭಾವಮೈದನನ್ನು ನೋಡಿದರು. ಕೊನೆಗೆ ಆಕೆಯ ಮುಖ ನೋಡಿದರು.

"ಚಿಕ್ಕವನಿದ್ದಾಗಮ್ಮ" ಎಂದರು.

"ಅಯ್ಯೋ ಪಾಪ. ನೋವಾಯ್ತಾ?"

"ಇಲ್ಲಮ್ಮ. ಅಷ್ಟೇನಿಲ್ಲ."

"ನೋಡಿದ್ರಾ?" ಎಂದು ಅತ್ತೆ ಜನರ ಕಡೆ ತಿರುಗಿ ಹೆಮ್ಮೆಯಿಂದ ಹೇಳಿದರು. "ನನ್ನ ಮಗನ ಕಣ್ಣಿಗೆ ಏನೂ ತಪ್ಪಲ್ಲ. ಹೋಗಿದ್ದನ್ನೂ ಬಿಡದೆ ಬರೆದಿದ್ದಾನೆ."

ಡಾಕ್ಟರು ಅಟೆಂಡರನಿಗೆ ಕಣ್ಸನ್ನೆ ಮಾಡಿದರು. ಅವನು ಚೌಕಟ್ಟನ್ನು ನೆಟ್ಟಗೆ ಮಾಡಿ, ತೋಳಿನಿಂದ ಧೂಳು ಒರೆಸಿ, ಕೆಳಗಿಳಿದ.

ಆಡಿದ ಮಾತು ಆಡಿಯಾಯಿತು, ಈಗ ಡಾಕ್ಟರು ಬೆರಳು ಹೋದ ಗುರುತೇ ಇಲ್ಲದ ಆ ಬಲಗೈಯನ್ನು ಯಾರ ಮುಂದೆ ತೋರಿಸುವುದು? ಅವತ್ತಿನಿಂದ ಅದು ಕೋಟಿನ ಜೇಬಿನಲ್ಲೇ ಇದೆ. ಊಟ ಎಡಗೈ, ಸಹಿ ಎಡಗೈ, ಆಪರೇಷನ್ನೂ ಎಡಗೈ. ಒಂದೇ ಕೈಯಲ್ಲಿ ಆಪರೇಷನ್ ಮಾಡುವ ಡಾಕ್ಟರು ಎಂದು ಹೆಸರಾಗಿ ಈಗ ಹಾಲಿನಲ್ಲಿ ನಿಲ್ಲಲು ಜಾಗವಿಲ್ಲ. ನನ್ನ ಹರ್ನಿಯಾ ಹೋದ ತಿಂಗಳು ಹಾಗೆಯೇ ಮಾಡಿದ್ದು, ನಾನು ಪೂರ್ತಿ ಎಚ್ಚರವಾಗಿದ್ದೆ, ದಾರದ ಒಂದು ತುದಿ ನಾನೇ ಹಿಡಿದುಕೊಂಡಿದ್ದೆ. ನಂಬಿಕೆ ಬರಲಿಲ್ಲವೇ? ಹೊಲಿಗೆ ಇಲ್ಲೇ ಇದೆ, ತೋರಿಸುತ್ತೇನೆ, ಅಂಗಿಯ ಗುಂಡಿ ಸ್ವಲ್ಪ ಬಿಗಿ, ಒಂದೇ ನಿಮಿಷ, ಅರೆ, ಎಲ್ಲಿಗೆ ಹೊರಟ್ರಿ, ಜೇಬಿನೊಳಗೆ ಆ ಬಲಗೈ ಅಷ್ಟು ಹೊತ್ತೂ ಏನು ಮಾಡ್ತಿತ್ತು ಅನ್ನೋದನ್ನ ಕೇಳದೆ ಹೋದ್ರೆ ಹೇಗೆ, ಅದು ಒಳಗೊಳಗೇ...